ನೋಡುವ ಕಣ್ಣು ಇನ್ನೂ ಬಂದಿಲ್ಲ

ಪ್ರಶ್ನೆ: ನಾನು 18 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನಮ್ಮ ಅಣ್ಣನ ಮಗ ಆರು ತಿಂಗಳಿಂದ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾನೆ. ಹೊಲಿಗೆ ನೇರವಾಗಿ ಬರುತ್ತದೆ, ಆದರೆ ಕಟಿಂಗ್ ಇನ್ನೂ ಕೈಗೆ ಹತ್ತಿಲ್ಲ. ಅವನು ಹೊಲಿದದ್ದು ‘ಕೈ ಎತ್ತಿದರೆ ತೋಳು ಹಿಡಿಯುತ್ತೆ’ ಅಂತ ವಾಪಸ್ ಬರುತ್ತದೆ. ನನ್ನದನ್ನೂ ಅವನದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ‘ಎರಡೂ ಒಂದೇ ಥರ ಇದೆಯಲ್ಲ ಅತ್ತೆ’ ಅನ್ನುತ್ತಾನೆ. ದಸರಾಕ್ಕೆ ಸ್ವಂತ ಅಂಗಡಿ ಹಾಕುತ್ತೇನೆ ಅಂತ ಹಟ ಹಿಡಿದಿದ್ದಾನೆ. ಇದು ಕೊಬ್ಬಾ? ಹೇಗೆ ಬುದ್ಧಿ ಹೇಳಲಿ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಕೊಬ್ಬು ಅಂತ ಈಗಲೇ ತೀರ್ಮಾನ ಮಾಡಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಆ ಒಂದು ಮಾತು, ‘ಎರಡೂ ಒಂದೇ ಥರ ಇದೆ’. ಹುಡುಗ ಸುಳ್ಳು ಹೇಳುತ್ತಿಲ್ಲ ಅಂತಲೇ ನನ್ನ ನಂಬಿಕೆ. ಅವನ ಕಣ್ಣಿಗೆ ಹಾಗೇ ಕಾಣುತ್ತಿದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಅವರ ಲೇಖನ ಬಂದದ್ದು 1999ರಲ್ಲಿ. ವಿದ್ಯಾರ್ಥಿಗಳಿಗೆ ತರ್ಕದ ಪ್ರಶ್ನೆ, ಇಂಗ್ಲಿಷ್ ವ್ಯಾಕರಣದ ಪ್ರಶ್ನೆ ಕೊಟ್ಟರು, ಯಾವ ಜೋಕ್ ಎಷ್ಟು ಚೆನ್ನಾಗಿದೆ ಅಂತ ಅಂಕ ಹಾಕಿಸಿದರು, ಆಮೇಲೆ ‘ಉಳಿದವರ ಜೊತೆ ಹೋಲಿಸಿದರೆ ನೀವು ಎಲ್ಲಿದ್ದೀರಿ’ ಅಂತ ಕೇಳಿದರು. ಕೊನೆಯ ಕಾಲು ಭಾಗದಲ್ಲಿದ್ದವರ ಲೆಕ್ಕ ನೋಡಿ. 100 ಜನರನ್ನು ಸಾಲಾಗಿ ನಿಲ್ಲಿಸಿದರೆ ಇವರ ಹಿಂದೆ ಸರಾಸರಿ 12 ಜನ ಮಾತ್ರ ಇದ್ದರು. ಇವರು ಅಂದುಕೊಂಡದ್ದು 62 ಜನ ಇದ್ದಾರೆ ಅಂತ.

ಕಾರಣ ಏನಂದರೆ, ಕೆಲವು ಕೆಲಸಗಳಲ್ಲಿ ಮಾಡುವುದಕ್ಕೆ ಯಾವ ತಿಳಿವಳಿಕೆ ಬೇಕೋ, ಮಾಡಿದ್ದು ಸರಿಯಾಗಿದೆಯಾ ಅಂತ ನೋಡುವುದಕ್ಕೂ ಅದೇ ತಿಳಿವಳಿಕೆ ಬೇಕು. ಅದು ಇಲ್ಲದಿದ್ದರೆ ಎರಡೂ ಕೆಡುತ್ತವೆ. ಇದು ನನಗೆ ಪ್ರೂಫ್ ನೋಡುವಾಗ ಅರ್ಥವಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪುಟ ಎರಡು ಸಲ ಓದಿ, ಒಂದೂ ತಪ್ಪಿಲ್ಲ ಅಂತ ಧೈರ್ಯವಾಗಿ ಕೊಟ್ಟಿದ್ದೆ. ಹಿರಿಯರೊಬ್ಬರು ಸುಮ್ನೆ ಕೆಂಪು ಪೆನ್ನು ತೆಗೆದುಕೊಂಡು ‘ವಿಧ್ಯಾರ್ಥಿ’ ಅನ್ನುವುದರ ಮೇಲೆ ಸುತ್ತು ಹಾಕಿದರು. ನಾನು ದಿಟ್ಟಿಸಿ ನೋಡಿದೆ, ಏನು ತಪ್ಪು ಅಂತ ಆಗಲೂ ಗೊತ್ತಾಗಲಿಲ್ಲ. ದಕಾರಕ್ಕೆ ಹೊಟ್ಟೆ ಸೀಳಬಾರದು, ಅದು ‘ವಿದ್ಯಾರ್ಥಿ’ ಅಂತ ಅವರು ಬಿಡಿಸಿ ಹೇಳಬೇಕಾಯಿತು. ಅಲ್ಲಿಯವರೆಗೆ ನಾನು ಬರೆಯುತ್ತಿದ್ದದ್ದೂ ಹಾಗೇ, ಮತ್ತೆ ತಪ್ಪು ಕಾಣುವುದಾದರೂ ಹೇಗೆ?

ಪಕ್ಕಪಕ್ಕ ಇಟ್ಟು ತೋರಿಸಿದರೂ ಪ್ರಯೋಜನವಾಗಲಿಲ್ಲ ಅಂದಿರಲ್ಲ, ಅದೂ ಆ ಪರೀಕ್ಷೆಯಲ್ಲಿ ಕಂಡಿತ್ತು. ವ್ಯಾಕರಣ ಪರೀಕ್ಷೆಯಲ್ಲಿ ಮೇಲೆ ಇದ್ದವರನ್ನೂ ಕೆಳಗೆ ಇದ್ದವರನ್ನೂ ಕೆಲವು ವಾರ ಬಿಟ್ಟು ಮತ್ತೆ ಕರೆಸಿ, ಬೇರೆಯವರ ಉತ್ತರಪತ್ರಿಕೆ ಕೊಟ್ಟು ತಿದ್ದಿಸಿದರು. ಚೆನ್ನಾಗಿ ಬರೆದವರ ಉತ್ತರ ನೋಡಿದ ಮೇಲೂ ಕೆಳಗಿದ್ದವರು ತಮಗೆ ತಾವು ಕೊಟ್ಟುಕೊಂಡ ಜಾಗ ಇಳಿಸಲಿಲ್ಲ. ಬದಲಾದದ್ದು ಮೇಲಿದ್ದವರು. ಅವರು ಮೊದಲು ತಮ್ಮನ್ನು ಕಡಿಮೆ ಅಂದಾಜು ಮಾಡಿದ್ದರು, ಯಾಕೆಂದರೆ ನಮಗೆ ಸುಲಭವಾಗಿ ಬಂದದ್ದು ಎಲ್ಲರಿಗೂ ಬಂದಿರುತ್ತದೆ ಅಂತ ಅಂದುಕೊಂಡಿದ್ದರು.

ಈ ಕೊನೆಯ ಮಾತು ನಿಮಗೆ ಸಂಬಂಧಪಟ್ಟದ್ದು. ಬೇಜಾರು ಮಾಡಿಕೊಳ್ಳಬೇಡಿ. 18 ವರ್ಷ ಕತ್ತರಿ ಹಿಡಿದ ನಿಮಗೆ ಬ್ಲೌಸ್ ಎತ್ತಿ ಹಿಡಿದ ಕೂಡಲೇ ತಪ್ಪು ಎಲ್ಲಿದೆ ಅಂತ ಕಾಣುತ್ತದೆ. ಇಷ್ಟು ದೊಡ್ಡದಾಗಿ ಕಾಣುವುದು ಅವನಿಗೂ ಕಾಣುತ್ತಿರಬೇಕು, ಬೇಕಂತಲೇ ಒಪ್ಪುತ್ತಿಲ್ಲ ಅಂತ ನಿಮಗೆ ಅನಿಸುತ್ತಿದೆ ಅಲ್ವಾ?

ಹಾಗಾಗಿ ಬುದ್ಧಿ ಹೇಳುವುದನ್ನು ಒಂದು ತಿಂಗಳು ಬಿಟ್ಟುಬಿಡಿ, ನೋಡುವುದನ್ನು ಕಲಿಸಿ. ಅದೂ ಒಂದೇ ಒಂದು ತಪ್ಪು ಹಿಡಿದುಕೊಳ್ಳಿ. ಕೈ ಎತ್ತಿದರೆ ಹಿಡಿಯುತ್ತದೆ ಅನ್ನುವುದಕ್ಕೆ ಕಾರಣ ಹಲವು ಇರಬಹುದು. ತೋಳಿಗೆ ಮುಂದೆ ಕೊಡುವ ಶೇಪ್ ಹಿಂದಿನದಕ್ಕಿಂತ ಸ್ವಲ್ಪ ಜಾಸ್ತಿ ಒಳಗೆ ಹೋಗಬೇಕು ಅನ್ನುವುದು ನಿಮ್ಮ ಕೈಗೆ ಗೊತ್ತು, ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿದ್ದೀರಾ? ಅವನು ಎರಡು ಕಡೆಗೂ ಒಂದೇ ಶೇಪ್ ಕೊಟ್ಟು ಕತ್ತರಿಸುತ್ತಿರಬಹುದು. ವಾಪಸ್ ಬಂದ ಬ್ಲೌಸಿನ ತೋಳು ಬಿಚ್ಚಿಸಿ, ಇಸ್ತ್ರಿ ಹಾಕಿಸಿ, ನೀವು ಕತ್ತರಿಸಿದ ತೋಳಿನ ಮೇಲೆ ಇಡಿಸಿ, ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅಲ್ಲೆಲ್ಲ ಅವನ ಕೈಯಲ್ಲೇ ಚಾಕ್ ಗುರುತು ಹಾಕಿಸಿ. ಆಮೇಲೆ ಹಳೆಯ ಐದಾರು ಬ್ಲೌಸ್ ಕೊಟ್ಟು, ಇದರಲ್ಲಿ ಯಾವುದು ಹಿಡಿಯುತ್ತದೆ ಹೇಳು ಅಂತ ಕೇಳಿ. ಕಾರ್ನೆಲ್‌ನವರೂ ಕೊನೆಗೆ ಹೀಗೇ ಮಾಡಿದ್ದು. ತರ್ಕದ ಪರೀಕ್ಷೆ ಆದ ಮೇಲೆ ಕೆಲವರಿಗೆ ಅದನ್ನು ಬಿಡಿಸುವ ರೀತಿ ಸ್ವಲ್ಪ ಹೊತ್ತು ಕಲಿಸಿದರು. ಕಲಿತ ಮೇಲೆ ಕೆಳಗಿದ್ದವರು ತಾವಾಗಿಯೇ ತಮ್ಮ ಅಂದಾಜು ಇಳಿಸಿದರು. ಅವರನ್ನು ಯಾರೂ ಬೈದಿರಲಿಲ್ಲ.

ಅಂಗಡಿ ಮಾತು ಬಂದಾಗ ಬೇಡ ಅನ್ನಬೇಡಿ, ಒಂದು ಲೆಕ್ಕದ ಪುಸ್ತಕ ಕೊಡಿ. ಅವನೇ ಅಳತೆ ತೆಗೆದು, ಕತ್ತರಿಸಿ, ಹೊಲಿದ ಬ್ಲೌಸ್ ಎಷ್ಟು, ವಾಪಸ್ ಬಂದದ್ದೆಷ್ಟು, ಯಾವ ತಪ್ಪಿಗೆ ಬಂತು ಅಂತ ಅವನೇ ಬರೆದಿಡಲಿ. ದಸರಾ ಹೊತ್ತಿಗೆ ಆ ಪುಸ್ತಕ ತೆರೆದುಕೊಂಡು ಇಬ್ಬರೂ ಕೂತು ಮಾತಾಡಿ.

ಪ್ರಶ್ನೆ: ಮುಖಕ್ಕೆ ನಿಂಬೆರಸ ಹಚ್ಚಿಕೊಂಡು ಬ್ಯಾಂಕ್ ದರೋಡೆ ಮಾಡಿದವನ ಕಥೆ ನಿಜವಾ? ಅರೆಬರೆ ಕಲಿತವರಿಗೇ ಧೈರ್ಯ ಜಾಸ್ತಿ ಅಂತ ಬೆಟ್ಟದ ಹಾಗೆ ಏರಿ ಇಳಿಯುವ ಗೆರೆಯ ಚಿತ್ರವೂ ಅದರ ಜೊತೆ ವಾಟ್ಸಾಪ್‌ನಲ್ಲಿ ಬರುತ್ತದೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಥೆ ನಿಜ. 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮೆಕಾರ್ಥರ್ ವೀಲರ್ ಅನ್ನುವವನು ಹಾಡಹಗಲೇ ಎರಡು ಬ್ಯಾಂಕ್ ದೋಚಿದ. ನಿಂಬೆರಸ ಹಚ್ಚಿಕೊಂಡರೆ ಕ್ಯಾಮೆರಾದಲ್ಲಿ ಮುಖ ಬೀಳುವುದಿಲ್ಲ ಅಂತ ನಂಬಿದ್ದ. ರಾತ್ರಿ ಟಿವಿಯಲ್ಲಿ ಆ ದೃಶ್ಯ ತೋರಿಸಿದ ಮೇಲೆ ಸಿಕ್ಕಿಬಿದ್ದ. ಮೇಲೆ ಹೇಳಿದ 1999ರ ಲೇಖನ ಶುರುವಾಗುವುದೇ ಅವನಿಂದ.

ಬೆಟ್ಟದ ಚಿತ್ರ ಮಾತ್ರ ಆ ಲೇಖನದಲ್ಲಿ ಇಲ್ಲ. ಕೆಳಗಿದ್ದವರು ತಮ್ಮನ್ನು ಜಾಸ್ತಿ ಅಂದಾಜು ಮಾಡಿದರು ನಿಜ, ಆದರೆ ಚೆನ್ನಾಗಿ ಬಲ್ಲವರು ತಮಗೆ ಕೊಟ್ಟುಕೊಂಡ ಜಾಗಕ್ಕಿಂತ ಮೇಲಿನ ಜಾಗವನ್ನು ಈ ಕೆಳಗಿದ್ದವರು ತಮಗೆ ಕೊಟ್ಟುಕೊಳ್ಳಲಿಲ್ಲ. ಇನ್ನೊಂದು ವಿಷಯ, ತೀರ ಕೆಳಗಿರುವವರ ಅಂದಾಜು ತಪ್ಪಿದರೆ ಅದು ಹೆಚ್ಚಾಗಿ ಮೇಲಕ್ಕೇ ತಪ್ಪಬೇಕು, ಕೆಳಗೆ ಜಾಗವೇ ಇಲ್ಲವಲ್ಲ. ಆ ಅಂತರದಲ್ಲಿ ಒಂದಿಷ್ಟು ಬರೀ ಲೆಕ್ಕದ ಆಟ ಅಂತ ಆಮೇಲೆ ಬಂದ ಸಂಶೋಧಕರು ವಾದ ಮಾಡಿದ್ದಾರೆ, ಆ ವಾದದಲ್ಲಿ ಹುರುಳಿದೆ. ಆದ್ದರಿಂದ ಆ ಚಿತ್ರ ಕಳಿಸಿ ಯಾರನ್ನಾದರೂ ದಡ್ಡ ಅನ್ನುವ ಮೊದಲು, ಅವರಿಗೆ ಆ ಕೆಲಸ ಯಾರಾದರೂ ಸರಿಯಾಗಿ ಕಲಿಸಿದ್ದಾರಾ ಅಂತ ಕೇಳಿ ನೋಡಿ.