ಅಮೆರಿಕದ ಕಾಲೇಜುಗಳಲ್ಲಿ ಬೇಸ್‌ಬಾಲ್ ಕೋಚ್ ಆಗುವ ದಾರಿ ಎಂಥದ್ದು?

ಟೆಕ್ಸಸ್‌ನಲ್ಲಿ ನೆಲೆಸಿರುವ ನಿಮ್ಮ ಅಕ್ಕನ ಮಗ ಅಲ್ಲಿನ ಜೂನಿಯರ್ ಕಾಲೇಜೊಂದರಲ್ಲಿ ಬೇಸ್‌ಬಾಲ್ ಆಡುತ್ತಿದ್ದಾನೆ, ವೃತ್ತಿಪರ ಆಟಗಾರನಾಗುವ ಆಸೆಯನ್ನು ಬಿಟ್ಟಿದ್ದಾನೆ, ಆದರೆ ಕಾಲೇಜು ತಂಡದ ಕೋಚ್ ಆಗಿಯೇ ತೀರುತ್ತೇನೆ ಎನ್ನುತ್ತಿದ್ದಾನೆ ಎಂದು ಬರೆದಿದ್ದೀರಿ. ಅದು ಜೀವನಕ್ಕೆ ಆಧಾರವಾಗುವ ಕೆಲಸವೇ, ಅದರಲ್ಲಿ ಜನ ಮೇಲಕ್ಕೆ ಬರುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ನಾನು ಕೋಚ್ ಅಲ್ಲ. ಅಮೆರಿಕದ ದಕ್ಷಿಣ ಭಾಗದ ವಿಶ್ವವಿದ್ಯಾಲಯವೊಂದರ ಕ್ರೀಡಾ ವಿಭಾಗದಲ್ಲಿ, ತಂಡಗಳು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘಟನೆಯಾದ ಎನ್‌ಸಿಎಎಯ ನಿಯಮಗಳನ್ನು ಪಾಲಿಸುತ್ತಿವೆಯೇ ಎಂದು ನೋಡಿಕೊಳ್ಳುವ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬೇಸ್‌ಬಾಲ್ ಕೋಚ್‌ಗಳ ನೇಮಕಾತಿ, ಒಪ್ಪಂದ, ಓಡಾಟದ ಲೆಕ್ಕ ಎಲ್ಲವೂ ನಮ್ಮ ಕಚೇರಿಯ ಮೂಲಕ ಹೋಗುವುದರಿಂದ ಈ ವೃತ್ತಿಯನ್ನು ಹತ್ತಿರದಿಂದ ಕಂಡಿದ್ದೇನೆ.

ಇದು ಖಂಡಿತವಾಗಿ ಜೀವನೋಪಾಯವಾಗಬಲ್ಲ ವೃತ್ತಿ, ಆದರೆ ಆರಂಭದ ಕೆಲವು ವರ್ಷಗಳಲ್ಲಿ ಹಾಗಿರುವುದಿಲ್ಲ. ಈ ದಾರಿಯಲ್ಲಿ ಯಾರು ಉಳಿಯುತ್ತಾರೆ, ಯಾರು ಬಿಟ್ಟುಹೋಗುತ್ತಾರೆ ಎಂಬುದು ಬಹುಪಾಲು ಆ ಆರಂಭದ ವರ್ಷಗಳನ್ನು ಯಾರು ಹೇಗೆ ದಾಟುತ್ತಾರೆ ಎಂಬುದರ ಮೇಲೆ ನಿಂತಿದೆ. ಪ್ರತಿಭೆಯಿದ್ದೂ ಮನೆ ಬಾಡಿಗೆ ಕಟ್ಟಲಾಗದೆ ವಿಮೆ ಕಂಪನಿಯ ಕೆಲಸಕ್ಕೆ ಹೋದವರನ್ನು ನಾನು ಬಲ್ಲೆ.

ಮೊದಲು ಮೆಟ್ಟಿಲುಗಳನ್ನು ತಿಳಿದುಕೊಳ್ಳಿ. ಎನ್‌ಸಿಎಎಯ ಅತಿ ಮೇಲಿನ ಸ್ತರವಾದ ಡಿವಿಷನ್ 1ರಲ್ಲಿ ಬೇಸ್‌ಬಾಲ್ ತಂಡವಿರುವ ವಿಶ್ವವಿದ್ಯಾಲಯಗಳು ಸುಮಾರು 300. ಟೀವಿಯಲ್ಲಿ ಕಾಣುವುದು, ಜೂನ್ ತಿಂಗಳಲ್ಲಿ ನೆಬ್ರಾಸ್ಕದ ಒಮಾಹಾದಲ್ಲಿ ನಡೆಯುವ ಕಾಲೇಜ್ ವರ್ಲ್ಡ್ ಸೀರೀಸ್‌ಗಾಗಿ ಸೆಣಸುವುದು ಇವೇ. ಇವುಗಳಾಚೆಗೆ ಡಿವಿಷನ್ 2, ಕ್ರೀಡಾ ಸ್ಕಾಲರ್‌ಶಿಪ್ ಕೊಡದ ಡಿವಿಷನ್ 3, ಎನ್‌ಎಐಎ ಎಂಬ ಬೇರೆ ಸಂಘಟನೆಯ ಸಣ್ಣ ಕಾಲೇಜುಗಳು ಮತ್ತು ನಿಮ್ಮ ಹುಡುಗ ಆಡುತ್ತಿರುವಂಥ ಎರಡು ವರ್ಷದ ಜೂನಿಯರ್ ಕಾಲೇಜುಗಳು ಇವೆ. ಎಲ್ಲ ಸೇರಿದರೆ ತಂಡಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ. ಕೆಲಸಗಳು ಹೆಚ್ಚಾಗಿರುವುದು ಈ ಕೆಳಗಿನ ಸ್ತರಗಳಲ್ಲಿ. ಸಂಬಳ ಕೂಡಿಕೊಂಡಿರುವುದು ಮಾತ್ರ ಮೇಲಿನ ಕೆಲವೇ ಡಜನ್ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ಹೆಡ್ ಕೋಚ್ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟುವುದು ಈಗ ಅಪರೂಪವಲ್ಲ. ಹಿಂದೆ ಹೀಗಿರಲಿಲ್ಲ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 11 ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟ ರಾಡ್ ಡೆಡೊ ತಮ್ಮ ಲಾರಿ ಸಾಗಣೆ ಕಂಪನಿಯ ಆದಾಯದಲ್ಲಿ ಬದುಕಿ, ಕೋಚಿಂಗ್‌ಗೆ ವರ್ಷಕ್ಕೆ 1 ಡಾಲರ್ ಸಂಬಳ ಪಡೆಯುತ್ತಿದ್ದರು.

ಮೇಲಿನ ಸ್ತರದ ಬಾಗಿಲಲ್ಲಿ ಬಹುಕಾಲ ನಿಂತಿದ್ದವನು ಸಂಬಳವಿಲ್ಲದ ಸಹಾಯಕ. ಡಿವಿಷನ್ 1ರ ಒಂದು ತಂಡದಲ್ಲಿ ಒಬ್ಬ ಹೆಡ್ ಕೋಚ್, ಸಂಬಳವಿರುವ ಇಬ್ಬರು ಅಸಿಸ್ಟೆಂಟ್‌ಗಳು, ಅವರ ಜೊತೆಗೆ ಒಬ್ಬ ‘ವಾಲಂಟಿಯರ್ ಕೋಚ್’ ಇರಬಹುದೆಂಬ ನಿಯಮವಿತ್ತು. ಆ ನಾಲ್ಕನೆಯವನಿಗೆ ವಿಶ್ವವಿದ್ಯಾಲಯ ಸಂಬಳ ಕೊಡುವಂತೆಯೇ ಇರಲಿಲ್ಲ. ಬೆಳಗ್ಗೆ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬಂದು ಚೆಂಡೆಸೆಯುವವನು (ಪಿಚರ್) ನಿಲ್ಲುವ ದಿಬ್ಬದ ಮಣ್ಣು ಹದಗೊಳಿಸುವುದು, ಉದ್ದನೆಯ ತೆಳು ಫಂಗೋ ಬ್ಯಾಟ್ ಹಿಡಿದು ಒಳಮೈದಾನದ ಫೀಲ್ಡರ್‌ಗಳಿಗೆ ನೂರಾರು ಚೆಂಡುಗಳನ್ನು ನೆಲಕ್ಕೆ ಹೊಡೆದು ಕೊಡುವುದು, ರಾತ್ರಿ ಎದುರಾಳಿಯ ವಿಡಿಯೋ ಕತ್ತರಿಸಿ ಜೋಡಿಸುವುದು ಎಲ್ಲವನ್ನೂ ಅವನು ಮಾಡುತ್ತಿದ್ದ. ಹೊಟ್ಟೆಪಾಡು ನಡೆಯುತ್ತಿದ್ದುದು ಬೇಸಿಗೆ ಶಿಬಿರಗಳಿಂದ, ಶಾಲಾ ಮಕ್ಕಳಿಗೆ ಗಂಟೆ ಲೆಕ್ಕದಲ್ಲಿ ಹೇಳಿಕೊಡುವ ಪಾಠಗಳಿಂದ. 2023ರ ಜುಲೈ 1ರಿಂದ ಎನ್‌ಸಿಎಎ ಈ ಪದ್ಧತಿಯನ್ನು ರದ್ದುಮಾಡಿತು. ನಾಲ್ಕನೆಯವನಿಗೂ ಸಂಬಳ ಕೊಡಬಹುದಾಯಿತು. ಹಳೆಯ ನಿಯಮದಡಿ ದುಡಿದ ಕೋಚ್‌ಗಳು ಹೂಡಿದ ಮೊಕದ್ದಮೆಯೂ ದೊಡ್ಡ ಮೊತ್ತದ ರಾಜಿಯಲ್ಲಿ ಮುಗಿದಿದೆ. ನಾನು ಈ ಕಚೇರಿಗೆ ಬಂದ ಮೇಲೆ ಕಂಡ ಅತ್ಯಂತ ನ್ಯಾಯವಾದ ಬದಲಾವಣೆ ಇದೇ. ಆದರೂ ಸಂಬಳ ಕೊಡಲು ಅನುಮತಿಯಿದೆ ಎಂದ ಮಾತ್ರಕ್ಕೆ ಎಲ್ಲ ಕಾಲೇಜುಗಳೂ ಬದುಕಲು ಸಾಲುವಷ್ಟು ಕೊಡುತ್ತವೆ ಎಂದು ಭಾವಿಸಬೇಡಿ.

ನಿಮ್ಮ ಹುಡುಗನಂಥವರಿಗೆ ನಿಜವಾಗಿ ತೆರೆದಿರುವ ಬಾಗಿಲು ಬೇರೆ. ನಾಲ್ಕು ವರ್ಷದ ಪದವಿ ಮುಗಿದ ಮೇಲೆ ಡಿವಿಷನ್ 2 ಅಥವಾ ಎನ್‌ಎಐಎ ಕಾಲೇಜಿನಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಸೇರಿದರೆ, ಕೋಚಿಂಗ್ ಕೆಲಸಕ್ಕೆ ಪ್ರತಿಯಾಗಿ ಸ್ನಾತಕೋತ್ತರ ಪದವಿಯ ಶುಲ್ಕ ಪೂರ್ತಿಯಾಗಿ ಅಥವಾ ಭಾಗಶಃ ಮನ್ನಾ ಆಗುತ್ತದೆ, ತಿಂಗಳಿಗೆ ಅಲ್ಪ ಭತ್ಯೆಯೂ ಸಿಗುತ್ತದೆ. ಇನ್ನೊಂದು ದಾರಿ ಹೈಸ್ಕೂಲು. ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲಿ ಕೋಚ್ ಎಂದರೆ ಸಾಮಾನ್ಯವಾಗಿ ತರಗತಿಯಲ್ಲಿ ಪಾಠವನ್ನೂ ಹೇಳುವ ಶಿಕ್ಷಕ. ಆದ್ದರಿಂದ ಸಂಬಳ, ವಿಮೆ, ನಿವೃತ್ತಿ ವೇತನ ಮೂರೂ ಇರುತ್ತವೆ. ಈ ದಾರಿಯನ್ನು ಕೀಳಾಗಿ ಕಾಣಬಾರದು. ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ತಂಡಕ್ಕೆ 1991ರಿಂದ 2000ದೊಳಗೆ ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಸ್ಕಿಪ್ ಬರ್ಟ್‌ಮನ್ ಮಯಾಮಿ ಬೀಚ್‌ನ ಹೈಸ್ಕೂಲು ಕೋಚ್ ಆಗಿದ್ದವರು. ಅಲ್ಲಿಂದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಆಗಿ ದುಡಿದು ಆಮೇಲೆ ಹೆಡ್ ಕೋಚ್ ಆದರು. ಟೆಕ್ಸಸ್ ವಿಶ್ವವಿದ್ಯಾಲಯದ ತಂಡವನ್ನು 1968ರಿಂದ 1996ರವರೆಗೆ ನಡೆಸಿದ ಕ್ಲಿಫ್ ಗುಸ್ಟಾಫ್‌ಸನ್ ಅಲ್ಲಿಗೆ ಬಂದದ್ದು ಸ್ಯಾನ್ ಆಂಟೋನಿಯೋದ ಹೈಸ್ಕೂಲಿನಿಂದ. ಇಂದಿನ ಹೆಸರಾಂತರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಟಿಮ್ ಕಾರ್ಬಿನ್ 1988ರಲ್ಲಿ ಪ್ರೆಸ್‌ಬಿಟೀರಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ಶುರುಮಾಡಿ, ಕ್ಲೆಮ್ಸನ್‌ನಲ್ಲಿ ಸುಮಾರು ಒಂದು ದಶಕ ಅಸಿಸ್ಟೆಂಟ್ ಆಗಿದ್ದು, ನಂತರವಷ್ಟೇ ತಮ್ಮದೇ ದೊಡ್ಡ ತಂಡ ಪಡೆದರು.

ದೊಡ್ಡ ಆಟಗಾರನಾಗಿರಲಿಲ್ಲ ಎಂಬ ಅಳುಕು ನಿಮ್ಮ ಹುಡುಗನಿಗೆ ಬೇಡ. ನಮ್ಮ ಕ್ರಿಕೆಟ್‌ನಲ್ಲಿ ರಣಜಿಯನ್ನಾದರೂ ಆಡಿರದವನ ಮಾತನ್ನು ಕೇಳುವವರು ಕಡಿಮೆ, ಆದರೆ ಇಲ್ಲಿ ಹಾಗಿಲ್ಲ. ಟೋನಿ ವಿಟೆಲ್ಲೋ ಮಿಸ್ಸೂರಿ ವಿಶ್ವವಿದ್ಯಾಲಯದ ತಂಡದಾಚೆಗೆ ವೃತ್ತಿಪರ ಲೀಗಿನಲ್ಲಿ ಆಡಿದವರೇ ಅಲ್ಲ. ಮಿಸ್ಸೂರಿ, ಟೆಕ್ಸಸ್ ಕ್ರಿಶ್ಚಿಯನ್ (ಟಿಸಿಯು), ಅರ್ಕನ್ಸಾ ವಿಶ್ವವಿದ್ಯಾಲಯಗಳಲ್ಲಿ ಅಸಿಸ್ಟೆಂಟ್ ಆಗಿದ್ದು, ಟೆನೆಸ್ಸೀಗೆ ಹೆಡ್ ಕೋಚ್ ಆಗಿ ಹೋಗಿ, 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2025ರ ಅಕ್ಟೋಬರ್‌ನಲ್ಲಿ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ತಂಡ ಅವರನ್ನೇ ಮ್ಯಾನೇಜರ್ (ಅಲ್ಲಿ ಹೆಡ್ ಕೋಚ್‌ಗೆ ಈ ಹೆಸರು) ಆಗಿ ನೇಮಿಸಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದು ದಿನವೂ ಕೋಚ್ ಆಗಿರದ ವ್ಯಕ್ತಿ ಕಾಲೇಜಿನಿಂದ ನೇರವಾಗಿ ಮೇಜರ್ ಲೀಗ್ ತಂಡದ ಚುಕ್ಕಾಣಿ ಹಿಡಿದದ್ದು ಅದೇ ಮೊದಲು.

ಹಾಗಾದರೆ ಒಬ್ಬ ಅಸಿಸ್ಟೆಂಟ್‌ನನ್ನು ಮೇಲಕ್ಕೆ ಒಯ್ಯುವುದು ಯಾವುದು? ನಾನು ಕಂಡಂತೆ ಎರಡು ಸಂಗತಿಗಳು: ಒಂದು ವಿಷಯದಲ್ಲಿ ಆಳವಾದ ಪರಿಣತಿ, ಮತ್ತು ಒಳ್ಳೆಯ ಆಟಗಾರರನ್ನು ಗುರುತಿಸಿ, ಅವರ ಮನೆಯವರ ವಿಶ್ವಾಸ ಗಳಿಸಿ ಕರೆತರುವ ಶಕ್ತಿ. ಎರಡನೆಯದನ್ನು ಇಲ್ಲಿ ರಿಕ್ರೂಟಿಂಗ್ ಎನ್ನುತ್ತಾರೆ, ಮತ್ತು ಹೆಡ್ ಕೋಚ್ ಹುದ್ದೆಯ ಸಂದರ್ಶನದಲ್ಲಿ ಅತಿ ಹೆಚ್ಚು ತೂಗುವುದು ಅದೇ. ಬೇಸಿಗೆಯುದ್ದಕ್ಕೂ ಈ ಕೋಚ್‌ಗಳು ಜಾರ್ಜಿಯಾದಂಥ ಕಡೆ ನಡೆಯುವ ಶಾಲಾ ಹುಡುಗರ ಟೂರ್ನಮೆಂಟ್‌ಗಳಲ್ಲಿ, ಬ್ಯಾಟರ್ ನಿಲ್ಲುವ ಜಾಗದ ಹಿಂದಿನ ಬಲೆಯ ಬಳಿ ಕೈಯಲ್ಲಿ ಚೆಂಡಿನ ವೇಗ ಅಳೆಯುವ ರಾಡಾರ್ ಗನ್ ಹಿಡಿದು ಬಿಸಿಲಲ್ಲಿ ಕೂತಿರುತ್ತಾರೆ. ಹೈಸ್ಕೂಲಿನ ಮೂರನೇ ವರ್ಷಕ್ಕೆ ಕಾಲಿಡುವ ಆಗಸ್ಟ್ 1ಕ್ಕಿಂತ ಮೊದಲು ಹುಡುಗನೊಂದಿಗೆ ಮಾತಾಡುವಂತಿಲ್ಲ. ಹಾಗಾಗಿ ಜುಲೈ 31ರ ಮಧ್ಯರಾತ್ರಿ ಕಳೆಯುತ್ತಲೇ ದೇಶದಾದ್ಯಂತ ಕೋಚ್‌ಗಳ ಸಂದೇಶಗಳು ಒಟ್ಟಿಗೆ ಹೊರಡುತ್ತವೆ. ಮರುದಿನ ಬೆಳಗ್ಗೆ ನಮ್ಮ ಕಚೇರಿಗೆ ಬರುವ ಅಸಿಸ್ಟೆಂಟ್‌ಗಳ ಕಣ್ಣಲ್ಲಿ ನಿದ್ದೆಯಿಲ್ಲದಿರುವುದು ಎದ್ದು ಕಾಣುತ್ತದೆ. ಸೀಸನ್‌ನಲ್ಲಿ ಆಟಗಾರನ ಅಭ್ಯಾಸವನ್ನು ವಾರಕ್ಕೆ 20 ಗಂಟೆಗೆ ಮಿತಿಗೊಳಿಸುವ ನಿಯಮವಿದೆ, ಅದರ ದಾಖಲೆಯನ್ನು ನಾವೇ ಪರಿಶೀಲಿಸುತ್ತೇವೆ. ಕೋಚ್‌ನ ದುಡಿಮೆಗೆ ಅಂಥ ಮಿತಿಯನ್ನು ಯಾರೂ ಹಾಕಿಲ್ಲ.

ಪರಿಣತಿಗೆ ಒಳ್ಳೆಯ ಉದಾಹರಣೆ ವೆಸ್ ಜಾನ್ಸನ್. ಅರ್ಕನ್ಸಾದ ಹೈಸ್ಕೂಲಿನಲ್ಲಿ ಆರಂಭಿಸಿ, ಪಿಚರ್‌ಗಳ ದೇಹಚಲನೆಯನ್ನು ಉಪಕರಣಗಳಿಂದ ಅಳೆದು ವೇಗ ಹೆಚ್ಚಿಸುವುದರಲ್ಲಿ ಹೆಸರು ಮಾಡಿ, ಅರ್ಕನ್ಸಾ ವಿಶ್ವವಿದ್ಯಾಲಯದಿಂದ ನೇರವಾಗಿ ಮಿನೆಸೋಟಾ ಟ್ವಿನ್ಸ್ ತಂಡದ ಪಿಚಿಂಗ್ ಕೋಚ್ ಆದರು. 2022ರಲ್ಲಿ ಸೀಸನ್‌ನ ನಡುವೆಯೇ ಮೇಜರ್ ಲೀಗ್ ಬಿಟ್ಟು ಕಾಲೇಜು ಬೇಸ್‌ಬಾಲ್‌ಗೆ ಮರಳಿ ಎಲ್‌ಎಸ್‌ಯು ಸೇರಿದರು, ಅಲ್ಲಿಂದ ಜಾರ್ಜಿಯಾ ವಿಶ್ವವಿದ್ಯಾಲಯದ ಹೆಡ್ ಕೋಚ್ ಆದರು. ಕಾಲೇಜು ಬೇಸ್‌ಬಾಲ್ ಕೇವಲ ಮೆಟ್ಟಿಲಾಗಿ ಉಳಿದಿಲ್ಲ, ತಾನೇ ಗುರಿಯಾಗಬಲ್ಲ ಸ್ಥಳವಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದರೆ ಅಸ್ಥಿರತೆಯನ್ನು ನಿಮ್ಮಿಂದ ಮುಚ್ಚಿಡಲಾರೆ. ಅಸಿಸ್ಟೆಂಟ್‌ನ ಕೆಲಸ ಹೆಡ್ ಕೋಚ್‌ನ ಭವಿಷ್ಯಕ್ಕೆ ಕಟ್ಟಿಕೊಂಡಿರುತ್ತದೆ. 2024ರ ಜೂನ್‌ನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತಂಡ ಒಮಾಹಾದ ಫೈನಲ್ ಸೋತ ಮರುದಿನವೇ ಅದರ ಹೆಡ್ ಕೋಚ್ ಜಿಮ್ ಶ್ಲಾಸ್‌ನೇಗಲ್ ಬದ್ಧ ಎದುರಾಳಿಯಾದ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೊರಟರು. ಒಂದು ವಾರದೊಳಗೆ ಅಸಿಸ್ಟೆಂಟ್ ಮೈಕಲ್ ಅರ್ಲಿ ಆ ಸ್ಥಾನಕ್ಕೆ ಬಂದರು. ಅವರ ಪಾಲಿಗೆ ಅದು ಏಳಿಗೆ. ಹೆಚ್ಚಿನ ಕಡೆ ಹಾಗಾಗುವುದಿಲ್ಲ. ಹೊಸ ಹೆಡ್ ಕೋಚ್ ತನ್ನ ಜನರನ್ನು ಕರೆತರುತ್ತಾನೆ, ಹಳಬರು ಹೆಂಡತಿ ಮಕ್ಕಳೊಂದಿಗೆ ಇನ್ನೊಂದು ರಾಜ್ಯಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಫ್ಲಾರಿಡಾ ಸ್ಟೇಟ್ ಒಂದರಲ್ಲೇ 40 ಸೀಸನ್ ಕಳೆದು 2,029 ಪಂದ್ಯ ಗೆದ್ದ ಮೈಕ್ ಮಾರ್ಟಿನ್ ಅವರಂಥ ಬಾಳು ಇನ್ನು ಮುಂದೆ ಸಿಗುವುದು ಕಷ್ಟ. ಕೆಲಸದ ಸ್ವರೂಪವೂ ಬದಲಾಗುತ್ತಿದೆ. ಮೊದಲು ಡಿವಿಷನ್ 1ರ ತಂಡವೊಂದಕ್ಕೆ ಇದ್ದ 11.7 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟು ಹಣವನ್ನು 27 ಆಟಗಾರರವರೆಗೆ ತುಂಡುತುಂಡಾಗಿ ಹಂಚುವ ಜಾಣ್ಮೆ ಬೇಕಿತ್ತು. ಕಾಲೇಜುಗಳು ಆಟಗಾರರಿಗೆ ಹಣ ಕೊಡುವ ಬಗ್ಗೆ 2025ರಲ್ಲಿ ನ್ಯಾಯಾಲಯ ಮಂಜೂರು ಮಾಡಿದ ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 34 ಆಟಗಾರರು ಮಾತ್ರ ಎಂಬ ಮಿತಿ ಬಂದಿದೆ.

ನಿಮ್ಮ ಹುಡುಗನಿಗೆ ನಾನು ಹೇಳುವುದಿಷ್ಟು: ಮೊದಲು ಪದವಿ ಮುಗಿಸಲಿ, ಏಕೆಂದರೆ ಪದವಿಯಿಲ್ಲದವನ ಅರ್ಜಿಯನ್ನು ಹೆಚ್ಚಿನ ಕಾಲೇಜುಗಳು ತೆರೆದೂ ನೋಡುವುದಿಲ್ಲ. ಬೇಸಿಗೆಯಲ್ಲಿ ಕಾಲೇಜು ಆಟಗಾರರಿಗಾಗಿ ನಡೆಯುವ ಲೀಗ್‌ಗಳಲ್ಲಿ ಅಸಿಸ್ಟೆಂಟ್ ಕೆಲಸ ಕೇಳಲಿ. ಅಲ್ಲಿ ಕೋಚ್‌ಗಳೂ ಬಹಳಷ್ಟು ಕಡೆ ಎಳೆಯರೇ, ಸ್ಥಳೀಯ ಕುಟುಂಬಗಳು ಮನೆಯಲ್ಲಿಟ್ಟುಕೊಳ್ಳುವುದೂ ಉಂಟು. ಪ್ರತಿ ಜನವರಿಯಲ್ಲಿ ಅಮೆರಿಕನ್ ಬೇಸ್‌ಬಾಲ್ ಕೋಚಸ್ ಅಸೋಸಿಯೇಷನ್ ನಡೆಸುವ ಸಮಾವೇಶಕ್ಕೆ ಹೋಗಲಿ. ಎಷ್ಟೋ ಸಣ್ಣ ಹುದ್ದೆಗಳು ಜಾಹೀರಾತಿಗೆ ಮೊದಲೇ ಅಲ್ಲಿನ ಮಾತುಕತೆಯಲ್ಲಿ ತುಂಬಿಹೋಗುತ್ತವೆ. ಹೆಸರಾಂತ ತಂಡದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಮತ್ತು ಯಾರಿಗೂ ಗೊತ್ತಿಲ್ಲದ ಎನ್‌ಎಐಎ ಕಾಲೇಜಿನಲ್ಲಿ ಪಿಚರ್‌ಗಳನ್ನು ಪೂರ್ತಿ ತಾನೇ ನೋಡಿಕೊಳ್ಳುವ ಕೆಲಸ ಎರಡೂ ಒಟ್ಟಿಗೆ ಎದುರಾದರೆ ಎರಡನೆಯದನ್ನೇ ಆರಿಸಿಕೊಳ್ಳಲಿ, ಏಕೆಂದರೆ ಮುಂದಿನ ಸಂದರ್ಶನದಲ್ಲಿ ಅವನು ಯಾರನ್ನು ತಯಾರು ಮಾಡಿದ ಎಂದು ಕೇಳುತ್ತಾರೆ. ಒಪ್ಪಿಕೊಳ್ಳುವ ಮೊದಲು ಶುಲ್ಕ ಮನ್ನಾ ಎಷ್ಟು, ಭತ್ಯೆ ಎಷ್ಟು ತಿಂಗಳು ಬರುತ್ತದೆ, ಆರೋಗ್ಯ ವಿಮೆ ಯಾರದು ಎಂಬ ಮೂರನ್ನೂ ಬರವಣಿಗೆಯಲ್ಲಿ ಪಡೆಯಲಿ. 26 ವರ್ಷ ತುಂಬುವವರೆಗೆ ತಂದೆ ತಾಯಿಯ ವಿಮೆಯಲ್ಲಿ ಉಳಿಯಲು ಇಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಅವನ ಮೊದಲ ವರ್ಷಗಳಿಗೆ ನಿಮ್ಮ ಅಕ್ಕ ಭಾವ ಮಾಡಬಹುದಾದ ದೊಡ್ಡ ಸಹಾಯ ಬಹುಶಃ ಅದೇ.