ಕೆಂಪು ಜರ್ಸಿ ಮೇಲೆ ಹಸಿರು-ಹಳದಿ ಸ್ಕಾರ್ಫ್ ಯಾಕೆ?

ಚರ್ಚ್ ಸ್ಟ್ರೀಟಿನ ಪಬ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಭಿಮಾನಿಗಳು ಹಸಿರು-ಹಳದಿ ಸ್ಕಾರ್ಫ್ ಹಾಕಿದ್ದು ಯಾಕೆ, ಅಷ್ಟು ಶ್ರೀಮಂತ ಮಾಲೀಕರ ಮೇಲೆ ಏನು ಸಿಟ್ಟು ಅಂತ ಕೇಳಿದ್ದೀರಿ. ಆ ಬಣ್ಣ ಕ್ಲಬ್ಬಿಗೆ ನ್ಯೂಟನ್ ಹೀತ್ ಅನ್ನೋ ಹೆಸರಿದ್ದ ಕಾಲದ್ದು. 2010ರಿಂದ ಅದು ಮಾಲೀಕರಾದ ಅಮೆರಿಕದ ಗ್ಲೇಜರ್ ಕುಟುಂಬದ ವಿರುದ್ಧದ ಪ್ರತಿಭಟನೆಯ ಗುರುತು.

ಸಿಟ್ಟಿನ ಮೂಲ ಸಾಲ. 2005ರಲ್ಲಿ ಅವರು ಸುಮಾರು 79 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡರು. ಅದಕ್ಕೆ ಮಾಡಿದ ಸಾಲದ ಬಹುಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿದರು. ಅಂದಿನಿಂದ ಟಿಕೆಟ್, ಜರ್ಸಿ, ಟಿವಿ ಹಕ್ಕಿನ ಹಣದಲ್ಲಿ ಹತ್ತಾರು ಕೋಟಿ ಪೌಂಡ್ ಬರೀ ಬಡ್ಡಿಗೆ ಹೋಗಿದೆ. ಹೊಟ್ಟೆ ಉರಿಯಲ್ವಾ?

ಆಟಗಾರರಿಗೆ ಖರ್ಚು ಮಾಡಿದ್ದಾರಲ್ಲ ಅಂತೀರಿ. ಮಾಡಿದ್ದಾರೆ, ಆದರೆ ತಲೆಬುಡ ಇಲ್ಲ. ಫ್ರಾನ್ಸಿನ ಆಟಗಾರ ಪೋಗ್ಬಾನನ್ನೇ ನೋಡಿ. 2012ರಲ್ಲಿ ಹೆಚ್ಚುಕಡಿಮೆ ಪುಕ್ಕಟೆ ಬಿಟ್ಟುಕೊಟ್ಟರು. 2016ರಲ್ಲಿ ಅದೇ ಹುಡುಗನನ್ನು ವಾಪಸ್ ತರೋಕೆ 8.9 ಕೋಟಿ ಪೌಂಡ್ ಕೊಟ್ಟರು, ಆಗ ಅದು ವಿಶ್ವದಾಖಲೆ. 2022ರಲ್ಲಿ ಮತ್ತೆ ಪುಕ್ಕಟೆ ಹೋದ. ಇನ್ನು ಕ್ರೀಡಾಂಗಣ. 2024ರ ಮೇ ತಿಂಗಳಲ್ಲಿ ಆರ್ಸೆನಲ್ ಪಂದ್ಯದ ದಿನ ಮಳೆ ಬಂದು, ಓಲ್ಡ್ ಟ್ರಾಫರ್ಡ್ ಚಾವಣಿಯಿಂದ ನೀರು ಜೋಗದ ಹಾಗೆ ಸುರಿಯಿತು. ಆ ವಿಡಿಯೊ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಬೆಂಗಳೂರಿನವರಿಗೆ ಇದೆಲ್ಲ ಯಾಕೆ ಅಂದರೆ, ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕಿನಲ್ಲಿ ಒಂದು ಪಂದ್ಯ ನಿಂತು ನೋಡಿ. ಗಂಟಲು ಹರಿಯುವ ಹಾಗೆ ಕೂಗಿದವರಿಗೆ ಸೋಲು ನುಂಗೋಕಾಗುತ್ತೆ, ಕ್ಲಬ್ಬನ್ನು ಹಾಳು ಬಿಡೋದನ್ನ ನೋಡೋಕಾಗಲ್ಲ.

2024ರಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರ್ಯಾಟ್‌ಕ್ಲಿಫ್ ಕ್ಲಬ್ಬಿನಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡರು. ಆದರೆ ಆ ವ್ಯವಹಾರದ ನಂತರವೂ ಹಿಡಿತ ಉಳಿದದ್ದು ಗ್ಲೇಜರ್‌ಗಳ ಕೈಯಲ್ಲೇ.