ಒಂಟಿ ಸಾಲು ಕಂಬಕ್ಕೆ ಎರಡಡಿ ಗುಂಡಿ ಸಾಕೇ?

ಪ್ರಶ್ನೆ: ಮನೆ ಮುಂದೆ ಕಾರಿಗೆ ಶೀಟಿನ ನೆರಳು ಮಾಡಿಸುತ್ತಿದ್ದೇವೆ. ಒಂದೇ ಸಾಲು, ಹತ್ತಡಿ ಎತ್ತರದ ಆರ್‌ಸಿಸಿ ಕಂಬಗಳು. ಮೇಲ್ಗಡೆ ಗೋಡೆಯ ಆಸರೆ ಇಲ್ಲ. ‘ಭಾರವೇ ಇಲ್ಲ, ಎರಡಡಿ ಚೌಕ, ಮೂರಡಿ ಆಳ ಸಾಕು’ ಅನ್ನುತ್ತಾರೆ ಮೇಸ್ತ್ರಿ. ಜಾಗ ಮೊದಲು ಗದ್ದೆಯಾಗಿತ್ತು.
– ಓದುಗರು, ಮಂಡ್ಯ

ಉತ್ತರ: ಭಾರ ಇಲ್ಲದಿರುವುದೇ ಇಲ್ಲಿ ತೊಂದರೆ. ಮೇಲೆ ಹಿಡಿತವಿಲ್ಲದ ಕಂಬವನ್ನು ಗಾಳಿ ಬುಡಸಮೇತ ಮಗುಚಲು ನೋಡುತ್ತದೆ. ಉದಾಹರಣೆಗೆ ತುದಿಗೆ 150 ಕೆಜಿ ಅಡ್ಡ ಒತ್ತಡ ಬಿತ್ತೆನ್ನಿ. ಪಾಯದ ತಳದಿಂದ ತುದಿಗೆ ಸುಮಾರು 4 ಮೀಟರ್, ಅಂದರೆ ಮಗುಚುವ ಶಕ್ತಿ 150×4, 600 ಕೆಜಿ-ಮೀಟರ್. ಮೇಸ್ತ್ರಿಯವರ ಗುಂಡಿಗೆ ತುಂಬುವ ಕಾಂಕ್ರೀಟು, ಕಂಬ, ಶೀಟು ಎಲ್ಲ ಸೇರಿ ತೂಕ ಸುಮಾರು 1,250 ಕೆಜಿ. 600ನ್ನು ಈ ತೂಕದಿಂದ ಭಾಗಿಸಿದರೆ 0.48 ಮೀಟರ್; ತೂಕದ ಒತ್ತು ಪಾಯದ ನಡುವಿನಿಂದ ಅಷ್ಟು ದೂರ ಸರಿಯುತ್ತದೆ. ಪಾಯದ ಅರ್ಧ ಅಗಲವೋ ಬರೀ 0.3, ಅಂದರೆ ಒತ್ತು ಪಾಯದ ಹೊರಗೇ ಬೀಳುತ್ತದೆ. ಉಳಿದದ್ದನ್ನು ಪಕ್ಕದ ಮಣ್ಣೇ ಹಿಡಿಯಬೇಕು. ಎರೆಮಣ್ಣಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಂಕ್ರೀಟಿನಿಂದ ದೂರ ಸರಿಯುತ್ತದೆ, ಕಂಬ ವಾಲುತ್ತದೆ.

ಐದಡಿ ಚೌಕ, ಒಂದಡಿ ದಪ್ಪದ ಫೂಟಿಂಗನ್ನು (ಕಂಬದ ಬುಡದ ಕಾಂಕ್ರೀಟ್ ಹಾಸು) ನಾಲ್ಕಡಿ ಆಳದಲ್ಲಿ ಕೂರಿಸಿ. ಮೇಲೆ ತುಂಬಿದ ಮಣ್ಣೇ ಮೂರು ಟನ್ನಿಗೂ ಹೆಚ್ಚು ತೂಗುತ್ತದೆ. ಆಗ ಅದೇ ಲೆಕ್ಕ 0.11 ಮೀಟರಿಗೆ ಇಳಿಯುತ್ತದೆ. ಅಗಲದ ಆರನೇ ಒಂದು ಭಾಗ, ಅಂದರೆ 0.25 ಮೀರದಿದ್ದರೆ ಪಾಯದ ಅಂಚು ಏಳುವುದಿಲ್ಲ. ನಾಲೆಗೆ ನೀರು ಬಿಟ್ಟಾಗ ಗುಂಡಿಯಲ್ಲಿ ನೀರು ಜಿನುಗುವ ಜಾಗವಾದರೆ ಮುಳುಗಿದ ಮಣ್ಣಿನ ತೂಕ ಅರ್ಧದ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಐದಡಿಯಲ್ಲಿ ಕಡಿತ ಬೇಡ. ತುಂಬಿದ ಮಣ್ಣಿದ್ದರೆ ಅದನ್ನು ದಾಟಿ ಗಟ್ಟಿ ನೆಲ ಸಿಗುವವರೆಗೂ ಅಗೆಸಿ.

ಕಂಬಿಯ ವಿಷಯ. ಕೆಳಗಷ್ಟೇ ಜಾಲಿ ಹಾಕಿ ಮುಗಿಸುವುದು ರೂಢಿ. ಇಲ್ಲಿ ಗಾಳಿ ಬಂದು ಬಡಿಯುವ ಕಡೆ ಪಾಯ ಮೇಲೇಳಲು ನೋಡುತ್ತದೆ, ಮೇಲಿನ ಮಣ್ಣು ಅದನ್ನು ಕೆಳಕ್ಕೆ ಬಗ್ಗಿಸುತ್ತದೆ, ಬಿರುಕು ಮೇಲ್ಮೈಯಲ್ಲಿ ಬೀಳುತ್ತದೆ. ಕೆಳಗೂ ಮೇಲೂ 10 ಮಿಮೀ ಕಂಬಿ, ಎರಡೂ ದಿಕ್ಕಿಗೆ ಆರಿಂಚಿಗೊಂದು. ಕಂಬಿ ಕಾಂಕ್ರೀಟಿನ ಅಂಚಿಗೆ ತಾಗದಂತೆ ತಡೆಯುವ 50 ಮಿಮೀ ಕವರ್ ಬ್ಲಾಕ್ ಇಡಿಸಿ. ಒಂಬತ್ತಿಂಚು ಚೌಕದ ಕಂಬಕ್ಕೆ 12 ಮಿಮೀಯ ನಾಲ್ಕು ಕಂಬಿ, ಕೆಳಗಿನ ಜಾಲಿಯ ಮೇಲೆ ಕೂತು ಒಂದೂವರೆ ಅಡಿ ಹೊರಕ್ಕೆ ಬಾಗಿರಬೇಕು. ಬುಡದಲ್ಲಿ ಕಂಬಿಗೆ ಜೋಡಣೆ ಕೂಡದು; ಎಳೆತ ಅಲ್ಲೇ ಹೆಚ್ಚು. ಈ ಕಂಬಿಗಳನ್ನು ಸುತ್ತಿ ಕಟ್ಟುವ 8 ಮಿಮೀ ರಿಂಗು ಆರಿಂಚಿಗೊಂದು, ಫೂಟಿಂಗಿನ ಒಳಗೂ ಎರಡು.

ಫೂಟಿಂಗಿನ ಮೇಲೆ ಮೊರಂ ಮಣ್ಣನ್ನು ಆರಾರು ಇಂಚು ಹಾಕಿ ದಮ್ಮಸ್ಸು ಮಾಡಿಸಿ. ಅದಕ್ಕೆ ಮೊದಲು ಶೀಟು ಹೊದಿಸಲೇಬೇಡಿ. 150 ಕೆಜಿ ಬರೀ ಉದಾಹರಣೆ. ಶೀಟಿನ ಅಗಲ, ಕಂಬಗಳ ಅಂತರ ನೋಡಿ ಎಂಜಿನಿಯರ್ ಲೆಕ್ಕ ಹಾಕಲಿ.

ಪ್ರಶ್ನೆ: ಇಂಥ ಐದಡಿ ಪಾಯಕ್ಕೆ ಕಾಂಪೌಂಡ್ ಅಡ್ಡ ಬಂದರೆ?
– ಓದುಗರು, ಮೈಸೂರು

ಉತ್ತರ: ಪಾಯವನ್ನು ಒಳಗಡೆಗೆ ಉದ್ದ ಮಾಡಬಹುದು, ಆದರೆ ಕಂಬ ಅಂಚಿಗೆ ಬೀಳುತ್ತದೆ. ಅಂಥಲ್ಲಿ ಒಳಗಡೆ ಇನ್ನೊಂದು ಫೂಟಿಂಗ್ ಹಾಕಿ ಎರಡನ್ನೂ ಸ್ಟ್ರಾಪ್ ಬೀಮಿನಿಂದ (ಎರಡು ಪಾಯಗಳನ್ನು ಕೂಡಿಸುವ ತೊಲೆ) ಬಿಗಿಯಬೇಕು.